ಬಿಸಿಯ ಹಮಾಲಿ

ತಂಪು ಅಂತ ಒಂದು ವಸ್ತುವೇ ಇಲ್ಲ ಕಣಮ್ಮ,
ಎಂದಿದ್ದರು ಖಲೀಲ್ ಉಸ್ತಾದರು,
ಗಡಿಯಾರ ಗೋಪುರದ ಹಿಂದಿನ ಗೂಡಂಗಡಿಯಲ್ಲಿ
ಯಾರದೋ ಫ್ರಿಜ್ಜಿನ ಬೆನ್ನು ಬಿಚ್ಚಿ ಕೂತು.
ಇರುವುದು ಬಿಸಿ ಒಂದೇ.
ಅದನ್ನು ಒಳಗಿಂದ ಹೊತ್ತು ಹೊರಗೆ ಹಾಕಲು
ಒಬ್ಬ ಆಳು ಬೇಕು, ಅಷ್ಟೇ.

ನನಗೆ ತಟ್ಟನೆ ಅರ್ಥವಾಗಿತ್ತು.
ಅಪ್ಪ ಕೋಲಾರದ ಟೊಮೆಟೊ ಮಂಡಿಯಲ್ಲಿ ಹಮಾಲಿ.
ಲಾರಿಯಿಂದ ಕಟ್ಟೆಗೆ, ಕಟ್ಟೆಯಿಂದ ಲಾರಿಗೆ,
ಹೆಗಲ ಮೇಲೆ ಹದಿನೈದು ಕೆ.ಜಿ. ಬಾಕ್ಸು,
ಬರಿಗೈಯಲ್ಲಿ ವಾಪಸು, ಮತ್ತೆ ಬಾಕ್ಸು.
ತಾಮ್ರದ ಕೊಳವೆಯೊಳಗೆ ಗ್ಯಾಸಿನದೂ ಇದೇ ಕೂಲಿ:
ಒಳಗೆ ಕುದಿದು ಎತ್ತಿಕೊಳ್ಳುವುದು,
ಹಿಂದಿನ ಜಾಲರಿಯಲ್ಲಿ ನೀರಾಗಿ ಇಳಿಸುವುದು.

ಆಗಿನ ಆಳು ಬಲು ಗಟ್ಟಿ.
ಬಿಳಿ ಸಿಲಿಂಡರು, ಹನ್ನೆರಡು ನಂಬರು.
ಉರಿಯುವುದಿಲ್ಲ, ನಾರುವುದಿಲ್ಲ, ಎದುರಾಡುವುದಿಲ್ಲ.
ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾನೆ
ಎಂದು ನಾವು ಕೇಳಲಿಲ್ಲ.
ಕೊಳವೆಗೆ ಕಟರ್ ಇಟ್ಟರೆ ಹುಸ್ಸೆಂದು ಒಂದು ಉಸಿರು,
ತೋಳಿನ ಮೇಲೆ ಚಳಿಮುಳ್ಳು.
ಕಿಟಕಿ ತೆಗಿ, ಎನ್ನುತ್ತಿದ್ದರು ಉಸ್ತಾದರು.
ತೆಗೆಯುತ್ತಿದ್ದೆ.
ದಿನಕ್ಕೆ ಮೂರು ಸಲ, ಬೇಸಿಗೆಯಲ್ಲಿ ಆರು.

ಅವರು ತೀರಿಕೊಂಡು ಒಂಬತ್ತು ವರ್ಷ.
ನಾನು ತೆಗೆದ ಕಿಟಕಿಯಿಂದ ಹೋದದ್ದು ಮಾತ್ರ
ಇನ್ನೂ ಮೇಲೆಯೇ ಇದೆ,
ನೂರು ವರ್ಷದ ಆಯಸ್ಸಂತೆ ಅದಕ್ಕೆ,
ಅಂತರಗಂಗೆ ಬೆಟ್ಟದಾಚೆ, ಮೋಡದಾಚೆ,
ಸದ್ದಿಲ್ಲದೆ ಏನನ್ನೋ ಕೊರೆಯುತ್ತಾ.
ಮಕ್ಕಳಿಲ್ಲದ ನಾನು ಬಿಟ್ಟುಹೋಗುವ
ಆಸ್ತಿ ಅದೊಂದೇ.

ಈಗ ಮಂಡಿಯ ಹಿಂಗೋಡೆಗೆ ಒತ್ತಿ
ಹಳೇ ಐಸ್‌ಕ್ರೀಂ ವ್ಯಾನಿನ ಡಬ್ಬ ನಿಲ್ಲಿಸಿದ್ದೇವೆ,
ನಾನು, ಐ.ಟಿ.ಐ. ಮುಗಿಸಿ ಬಂದ ಫಿಲೋಮಿನ.
ನಲವತ್ತು ಬಾಕ್ಸು ಹಿಡಿಯುತ್ತದೆ.
ದರ ಬಿದ್ದ ದಿನ ರಸ್ತೆಗೆ ಸುರಿಯುವ ಬದಲು
ನಾಲ್ಕು ದಿನ ಕಾಯಲಿ ಹಣ್ಣು, ಅಂತ.

ಹೊಸ ಆಳು ಪ್ರೊಪೇನು.
ಒಲೆಯ ಗ್ಯಾಸಿನ ದಾಯಾದಿ; ಶುದ್ಧ, ಆದ್ದರಿಂದ ವಾಸನೆಯೇ ಇಲ್ಲ.
ಮೇಲೆ ಹೋದರೂ ತಿಂಗಳು ತುಂಬುವುದರೊಳಗೆ ಇಲ್ಲವಾಗುತ್ತಾನೆ.
ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ,
ಒಂದು ಕಿಡಿ ಸಾಕು.
ಗಾಳಿಗಿಂತ ಭಾರ; ಸೋರಿದರೆ ಬೆಕ್ಕಿನ ಹಾಗೆ
ನೆಲಕ್ಕೆ ಮೈಚಾಚುತ್ತಾನೆ.
ಅದಕ್ಕೇ ಡಬ್ಬದ ಬುಡದಲ್ಲಿ ಕಿಂಡಿ ಕೊರೆದೆವು,
ಕಿಡಿ ಹಾರದ ಸ್ವಿಚ್ಚು ತರಿಸಿದೆವು,
ಬೀಡಿ ಸೇದಬಾರದು ಎಂದು
ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬರೆದು
ಓದು ಬಾರದ ಅಪ್ಪನಿಗೆ ಬಾಯಲ್ಲಿ ಹೇಳಿದೆ.
ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು
ದೂರ ಹೋಗಿ ಕೂತರು, ಮುನಿಸಿಕೊಂಡವರ ಹಾಗೆ.

ಎರಡು ಸಲ ಸೋತೆವು.
ಮೊದಲು ಒಂದು ಬೆಸುಗೆ, ಸೋಪಿನ ನೊರೆಯಲ್ಲಿ
ಸಾಸಿವೆಯಷ್ಟು ಗುಳ್ಳೆ ಉಬ್ಬಿಸಿತು.
ಆಮೇಲೆ ಕಂಪ್ರೆಸರೇ ಮೊಂಡು ಹಿಡಿಯಿತು.
ಮೂರನೆಯ ರಾತ್ರಿ ಫಿಲೋಮಿನ ಕೆ.ಜಿ.ಎಫ್.ನಿಂದ
ಅವಳ ಮಾವನ ತಕ್ಕಡಿ ಹೊತ್ತು ತಂದಳು,
ಒಡವೆ ತೂಗುವಂಥದು.
ನೂರ ಮೂವತ್ತೆಂಟು ಗ್ರಾಂ.
ಒಂದು ದಪ್ಪ ಟೊಮೆಟೊದ ತೂಕ.

ಇಷ್ಟೇನಾ? ಎಂದರು ಅಪ್ಪ.
ಇಷ್ಟೇ.
ಇವನಿಗೆ ಕೂಲಿ?
ಕರೆಂಟು.
ಸೊಂಟನೋವು?
ಇಬ್ಬರೂ ನಕ್ಕೆವು. ಅವರು ನಗಲಿಲ್ಲ.

ಮೂವತ್ತೊಂದು.
ಇಪ್ಪತ್ತಾರು.
ಹತ್ತೊಂಬತ್ತರ ಹೊತ್ತಿಗೆ ಮೊದಲ ಲಾರಿ ಬಂತು,
ಹದಿನಾಲ್ಕಕ್ಕೆ ಮುಳ್ಳು ನಿಂತೇಬಿಟ್ಟಿತು.
ಹನ್ನೆರಡು ಬೇಕು.
ಬಾಗಿಲ ರಬ್ಬರು ಎಲ್ಲೋ ಸಡಿಲ,
ಇಲ್ಲವೇ ನನ್ನ ಲೆಕ್ಕವೇ ಸುಳ್ಳು.
ಫಿಲೋಮಿನ ನೋಟ್‌ಬುಕ್ಕಿಗೆ ಕೆನ್ನೆ ಕೊಟ್ಟು
ನಿದ್ದೆ ಹೋಗಿದ್ದಾಳೆ.

ಡಬ್ಬದ ಹಿಂದೆ ಅಪ್ಪ.
ಜಾಲರಿ ಉಗುಳುವ ಬಿಸಿಗಾಳಿಗೆ
ಕಾಯಿಗಟ್ಟಿದ ಅಂಗೈ ಒಡ್ಡಿ ನಿಂತಿದ್ದಾರೆ,
ತುಟಿ ಅಲುಗುತ್ತಿದೆ,
ಇಳಿದ ಬಾಕ್ಸುಗಳನ್ನು
ಒಂದೊಂದೇ ಎಣಿಸುವವರ ಹಾಗೆ.